ಬಾಣಂತನಕ್ಕೆ ಹೋಗಿ ಬಂದ ಅಮ್ಮನ ಬಳೆಗೆ ಸುಂಕ ಯಾಕೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಮುಂಬಯಿ ಹತ್ರದ ಡೊಂಬಿವಲಿ ಪೂರ್ವದಲ್ಲಿ ಇರೋಳು, ಇಪ್ಪತ್ತಾರು ವರ್ಷದಿಂದ ನಿಮ್ಮ ಪೇಪರ್ ಓದ್ತಾ ಇದೀನಿ, ಪತ್ರ ಬರೀತಾ ಇರೋದು ಇದೇ ಮೊದಲು. ಬರೀಲೇಬೇಕು ಅನ್ನಿಸಿದ್ದು ಯಾಕೆ ಅಂದ್ರೆ ಫೆಬ್ರವರಿಯಿಂದ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದು ಮೆಸೇಜ್ ಸುತ್ತುತ್ತಾ ಇದೆ, "ಇನ್ಮೇಲೆ ಫಾರಿನ್‌ನಿಂದ ಬರೋ ಹೆಂಗಸರಿಗೆ 40 ಗ್ರಾಂ ಚಿನ್ನ ಫ್ರೀ, ಯಾರೂ ಕೇಳಂಗಿಲ್ಲ" ಅಂತ. ಮೊನ್ನೆ ಎದುರು ಮನೆ ಅಕ್ಕ ಬಂದು, ಮಗಳ ಹೆರಿಗೆಗೆ ದುಬೈಗೆ ಹೋಗ್ತಾ ಇದೀನಿ, ಈಗ ರೂಲ್ಸ್ ಸಡಿಲ ಆಗಿದೆಯಂತಲ್ಲ, ಬಳೆ ಸರ ಎಲ್ಲ ಹಾಕ್ಕೊಂಡೇ ಹೋಗ್ತೀನಿ, ಅಲ್ಲಿ ನಾಮಕರಣಕ್ಕೆ ಬರಿಗೈಲಿ ನಿಂತ್ಕೊಳ್ಳಕ್ಕಾಗುತ್ತಾ ಅಂದ್ರು. ನಾನು ಅವರನ್ನ ಕೂರಿಸಿ ಒಂದೂವರೆ ಗಂಟೆ ಮಾತಾಡಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದೀನಿ, ನಮ್ಮ ಹಾಗೆ ಇನ್ನೊಬ್ಬರಿಗೆ ಆಗೋದು ಬೇಡ.

ಮೊದಲು ಆ ಮೆಸೇಜ್ ವಿಷಯ. ಅದು ಪೂರ್ತಿ ಸುಳ್ಳಲ್ಲ, ಆದ್ರೆ ಅರ್ಧ ಮಾತ್ರ ಹೇಳುತ್ತೆ. ಹೊರದೇಶದಿಂದ ಬರೋರು ಏನೇನು ತರಬಹುದು ಅಂತ ಹೇಳೋ, 2016ರಿಂದ ಇದ್ದ ಬ್ಯಾಗೇಜ್ ರೂಲ್ಸ್ ತೆಗೆದು 2026ರ ಫೆಬ್ರವರಿ 2ರಿಂದ ಹೊಸದು ತಂದಿದಾರೆ. ಮೊದಲು ಒಬ್ಬರಿಗೆ 50,000 ರೂಪಾಯಿ ತನಕದ ಸಾಮಾನಿಗೆ ಸುಂಕ ಇರ್ಲಿಲ್ಲ, ಅದನ್ನ 75,000 ಮಾಡಿದಾರೆ. ಒಡವೆಗೆ ಮೊದಲು ಹೆಂಗಸರಿಗೆ 40 ಗ್ರಾಂ ಅಂತ ಬರೆದು ಜೊತೆಗೇ 1 ಲಕ್ಷ ರೂಪಾಯಿ ಮೀರಬಾರ್ದು ಅಂತಾನೂ ಬರೆದಿದ್ರು, ಗಂಡಸರಿಗೆ 20 ಗ್ರಾಂ, 50,000 ರೂಪಾಯಿ. 40 ಗ್ರಾಂ ಚಿನ್ನ 1 ಲಕ್ಷದ ಆಸುಪಾಸಿನಲ್ಲಿ ಸಿಗ್ತಾ ಇದ್ದಿದ್ದು ಆ ರೂಲ್ಸ್ ಬಂದ ವರ್ಷ, ಆಮೇಲೆ ರೇಟ್ ಎಲ್ಲಿಗೆ ಹೋಯ್ತು ಅಂತ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಈಗ ಆ ರೂಪಾಯಿ ಲೆಕ್ಕ ತೆಗೆದು ತೂಕ ಮಾತ್ರ ಇಟ್ಟಿದಾರೆ, ಇದು ನಿಜವಾಗ್ಲೂ ಒಳ್ಳೇದಾಯ್ತು, ಎಷ್ಟೋ ವರ್ಷದಿಂದ ಗಲ್ಫ್‌ನಲ್ಲಿ ಇರೋ ನಮ್ಮವರು ಕೇಳ್ತಾ ಇದ್ದಿದ್ದೇ ಅದು. ಆದ್ರೆ ಮೆಸೇಜ್‌ನಲ್ಲಿ ಬಿಟ್ಟುಹೋಗಿರೋ ಒಂದು ಸಾಲು ಇದೆ. ಈ 40 ಗ್ರಾಂ, 20 ಗ್ರಾಂ ಎಲ್ಲ ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ವಾಸ ಮಾಡಿ ಬರೋರಿಗೆ. ಮೂರು ತಿಂಗಳು ಬಾಣಂತನ ಮಾಡಿ ಬರೋ ಅಮ್ಮಂದಿರಿಗೆ ಅಲ್ಲ. ಹದಿನೈದು ದಿನ ಟೂರ್ ಹೋಗಿ ಬರೋರಿಗೂ ಅಲ್ಲ. ಇದನ್ನ ನಾನು ಯಾರಿಗೆ ಹೇಳಿದ್ರೂ ಮೊದಲು ನಂಬಲ್ಲ.

ನಮಗೆ ಆಗಿದ್ದು ಹೇಳ್ತೀನಿ. 2023ರ ನವೆಂಬರ್‌ನಲ್ಲಿ ಅಮ್ಮ ಮಸ್ಕತ್‌ಗೆ ಹೋದ್ರು, ನನ್ನ ತಂಗಿಗೆ ಚೊಚ್ಚಲ ಹೆರಿಗೆ. ಅಮ್ಮನಿಗೆ ಆಗ ಅರವತ್ತೈದು, ವಿಮಾನ ಹತ್ತಿದ್ದು ಅದೇ ಮೊದಲು. ಸೂಟ್‌ಕೇಸ್ ತುಂಬ ಬಾಣಂತಿ ಲೇಹ್ಯ, ಮೆಂತ್ಯದ ಪುಡಿ, ಕುಚ್ಚಲಕ್ಕಿ, ಮಗುವಿಗೆ ಹಳೇ ಸೀರೆ ಹರಿದು ಹೊಲಿದ ಬಟ್ಟೆ. ಕೈಯಲ್ಲಿ ನಾಲ್ಕು ಬಳೆ, ಕೊರಳಲ್ಲಿ ಕರಿಮಣಿ, ಒಂದು ಚೈನು. ಬಳೆ 1979ರಲ್ಲಿ ಮದುವೆಗೆ ತವರಿನವರು ಹಾಕಿದ್ದು, ಕುಂದಾಪುರದಲ್ಲಿ ಅಕ್ಕಸಾಲಿಗರು ಮನೆ ಜಗಲಿಲೇ ಕೂತು ಮಾಡಿಕೊಟ್ಟಿದ್ದಂತೆ, ಒಟ್ಟು ಐದು ಪವನು. ಚೈನು ಎರಡು ಪವನು, ಅದು ಅಪ್ಪ ಮುಂಬಯಿಯ ಕೋಟೆ (ಫೋರ್ಟ್) ಏರಿಯಾದ ಹೋಟೆಲ್‌ನಲ್ಲಿ ಕ್ಯಾಷಿಯರ್ ಆಗಿದ್ದಾಗ ಚೀಟಿ ದುಡ್ಡಲ್ಲಿ ಮಾಡಿಸಿದ್ದು. ಪವನು ಅಂದ್ರೆ 8 ಗ್ರಾಂ, ಹಾಗಾಗಿ ಬಳೆ ಚೈನು ಸೇರಿ 56 ಗ್ರಾಂ. ಹೊರಡೋ ದಿನ ಯಾರೂ ಏನೂ ಕೇಳಲಿಲ್ಲ, ನಮಗೂ ಯಾರನ್ನಾದ್ರೂ ಕೇಳಬೇಕು ಅಂತ ಗೊತ್ತಿರಲಿಲ್ಲ. ಟಿಕೆಟ್ ಮಾಡಿಸಿದ ಏಜೆಂಟ್ ಲಗೇಜ್ ಎಷ್ಟು ಕೆಜಿ ಅಂತ ಮೂರು ಸಲ ಹೇಳಿದ್ರು, ಉಪ್ಪಿನಕಾಯಿ ಹೇಗೆ ಪ್ಯಾಕ್ ಮಾಡಬೇಕು ಅಂತಾನೂ ಹೇಳಿದ್ರು, ಕೈಮೇಲಿನ ಚಿನ್ನದ ಬಗ್ಗೆ ಒಂದು ಮಾತು ಬರಲಿಲ್ಲ.

ವಾಪಸ್ ಬಂದಿದ್ದು 2024ರ ಫೆಬ್ರವರಿಯಲ್ಲಿ. ನೇರ ಮುಂಬಯಿ ಫ್ಲೈಟ್ ರೇಟ್ ಜಾಸ್ತಿ ಇತ್ತು ಅಂತ ತಂಗಿ ಗಂಡ ಇನ್ನೊಂದು ಊರಿನ ಮೇಲೆ ಬರೋ ಟಿಕೆಟ್ ಮಾಡಿದ್ರು, ಹಾಗಾಗಿ ಅಮ್ಮ ಮೊದಲು ಇಳಿದಿದ್ದು ಅಲ್ಲಿ. ಯಾವ ಏರ್‌ಪೋರ್ಟ್ ಅಂತ ಬರೆಯಲ್ಲ, ಒಂದು ಊರಿನ ಮೇಲೆ ದೂರು ಹೇಳೋದು ನನ್ನ ಉದ್ದೇಶ ಅಲ್ಲ, ಕೇಳ್ತಾ ಹೋದ್ರೆ ಬೇರೆ ಬೇರೆ ಕಡೆ ಇಳಿದೋರೂ ಇದೇ ಕಥೆ ಹೇಳ್ತಾರೆ. ಅಮ್ಮ ಎಲ್ಲರ ಹಿಂದೆ ಗ್ರೀನ್ ಚಾನೆಲ್‌ನಲ್ಲೇ ಹೊರಟ್ರು. ಡಿಕ್ಲೇರ್ ಮಾಡೋ ಸಾಮಾನು ಇಲ್ಲದೋರು ಹೋಗೋ ದಾರಿ ಅದು ಅನ್ನೋದು ಅವರಿಗೆ ಹೇಗೆ ಗೊತ್ತಾಗ್ಬೇಕು, ಬೋರ್ಡ್ ಇಂಗ್ಲಿಷ್ ಹಿಂದಿಯಲ್ಲಿ ಇತ್ತು, ಅವರು ಮುಂದೆ ಹೋಗ್ತಾ ಇದ್ದ ಹೆಂಗಸಿನ ಬ್ಯಾಗ್ ನೋಡ್ಕೊಂಡು ನಡೆದಿದಾರೆ ಅಷ್ಟೇ. ಬಾಗಿಲ ಹತ್ರ ನಿಲ್ಲಿಸಿದ್ರು. ಪಕ್ಕದ ಕೋಣೆಗೆ ಕರ್ಕೊಂಡು ಹೋಗಿ ಬಳೆ ತೆಗೀರಿ ತೂಕ ಮಾಡಬೇಕು ಅಂದ್ರಂತೆ.

ಬಳೆ ಕೈಯಿಂದ ಬರಲಿಲ್ಲ. ಎಷ್ಟೋ ವರ್ಷದಿಂದ ತೆಗೆದೇ ಇರಲಿಲ್ಲ, ಗೆಣ್ಣು ದಪ್ಪ ಆಗಿತ್ತು. ಒಬ್ಬ ಹೆಂಗಸು ಆಫೀಸರ್ ವಾಶ್‌ಬೇಸಿನ್ ಹತ್ರ ಕರ್ಕೊಂಡು ಹೋಗಿ ಸೋಪ್ ಹಾಕಿ ಒಂದೊಂದಾಗಿ ತೆಗೆಸಿದಾರೆ, ಕೊನೇದು ತೆಗೆಯೋವಾಗ ಚರ್ಮ ತರಚಿ ರಕ್ತ ಬಂತು. ಆ ಹೆಂಗಸು ಒಳ್ಳೆಯವರು, ನೀರು ತಂದು ಕೊಟ್ರು, ಕರಿಮಣಿಗೆ ಕೈ ಹಾಕಲ್ಲ ಅಜ್ಜಿ, ಅದು ಇರ್ಲಿ ಅಂತ ಹಿಂದಿಯಲ್ಲಿ ಹೇಳಿದ್ರು, ಅಮ್ಮ ಈಗ್ಲೂ ಅವರನ್ನ ನೆನೆಸ್ಕೋತಾರೆ. ಆದ್ರೆ ಬಳೆ ನಾಲ್ಕು, ಚೈನು ಒಂದು, ತಕ್ಕಡಿಗೆ ಹೋಯ್ತು. ಬಳೆಯ ಒಳಗಡೆ ಕೆತ್ತನೆ ಸಂದಿಯಲ್ಲಿ ಅರಿಶಿನ ಕೂತು ಕಪ್ಪಾಗಿತ್ತು, ಒಂದು ಬಳೆ ಒಂದು ಕಡೆ ಚಪ್ಪಟೆ ಆಗಿತ್ತು, ಅದು ನಾನು ಚಿಕ್ಕವಳಿದ್ದಾಗ ಅಮ್ಮ ರುಬ್ಬೋ ಕಲ್ಲಿಗೆ ತಾಗಿಸ್ಕೊಂಡಿದ್ದು. ನೋಡೋ ಕಣ್ಣಿಗೆ ಇದು ಮಸ್ಕತ್ ಅಂಗಡಿಯಲ್ಲಿ ಮೊನ್ನೆ ಕೊಂಡಿದ್ದಲ್ಲ ಅಂತ ಗೊತ್ತಾಗಲ್ವಾ? ಗೊತ್ತಾಗುತ್ತೆ ಅಂತಾನೇ ನನ್ನ ಅನಿಸಿಕೆ. ಆದ್ರೆ ಅವರು ಕೇಳಿದ್ದು ಒಂದೇ ಮಾತು, ಇಲ್ಲಿಂದ ತಗೊಂಡು ಹೋಗಿದ್ದು ಅನ್ನೋದಕ್ಕೆ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಎಲ್ಲಿ?

ಅದೇ ಈ ಪತ್ರದ ಮುಖ್ಯ ವಿಷಯ. ಚಿನ್ನ ಆಗ್ಲಿ, ಬೆಲೆಬಾಳೋ ಕ್ಯಾಮೆರಾ ಆಗ್ಲಿ, ಇಲ್ಲಿಂದ ಹೊರಗೆ ತಗೊಂಡು ಹೋಗಿ ವಾಪಸ್ ತರೋದಿದ್ರೆ ಹೊರಡೋ ದಿನ ಏರ್‌ಪೋರ್ಟ್‌ನಲ್ಲಿ ಕಸ್ಟಮ್ಸ್‌ನವರಿಗೆ ತೋರಿಸಿ ಒಂದು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತಗೋಬಹುದು. ಏನೇನು ಸಾಮಾನು, ಎಷ್ಟು ತೂಕ, ಹೇಗಿದೆ ಅಂತ ಬರೆದು ಸೀಲ್ ಹಾಕಿ ಕೊಡ್ತಾರೆ. ವಾಪಸ್ ಬರೋವಾಗ ಆ ಕಾಗದ ತೋರಿಸಿದ್ರೆ ಸುಂಕದ ಪ್ರಶ್ನೆ ಬರಲ್ಲ. ಮುಂಚೆನೇ ಸರ್ಕಾರಿ ಮಾನ್ಯತೆ ಇರೋ ವ್ಯಾಲ್ಯುವರ್ ಹತ್ರ ಹೋಗಿ ಒಡವೆಯ ಫೋಟೋ ಸಮೇತ ತೂಕ, ಬೆಲೆ ಬರೆಸ್ಕೊಂಡು ಹೋದ್ರೆ ಕೆಲಸ ಬೇಗ ಆಗುತ್ತೆ. ಒಡವೆ ಮಾತ್ರ ಚೆಕ್-ಇನ್ ಸೂಟ್‌ಕೇಸ್‌ಗೆ ಹಾಕಬೇಡಿ, ಅಧಿಕಾರಿಗಳು ಕಣ್ಣಾರೆ ನೋಡದೆ ಬರೆಯಲ್ಲ. ಮಾಮೂಲಿಗಿಂತ ಒಂದೂವರೆ ಎರಡು ಗಂಟೆ ಮುಂಚೆ ಮನೆ ಬಿಡಿ, ಸಹಾರ್ ಟರ್ಮಿನಲ್ 2 ಆದ್ರೆ ಕಲ್ಯಾಣ್ ಡೊಂಬಿವಲಿ ಕಡೆಯವರು ಇನ್ನೂ ಬೇಗ ಹೊರಡಿ, ಘಾಟ್ಕೋಪರ್‌ನಿಂದ ಅಂಧೇರಿ ಕಡೆ ಟ್ರಾಫಿಕ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಇಷ್ಟೇ ಕೆಲಸ. ನಾವು ಮಾಡಿದ್ರೆ ಏಳು ತಿಂಗಳ ಸಂಕಟ ಇರ್ತಾ ಇರಲಿಲ್ಲ. ಆದ್ರೆ ನಾನು ಕೇಳೋದು, ಇಂಥ ಕಾಗದ ಒಂದು ಇದೆ ಅಂತ ನಮಗೆ ಹೇಳಬೇಕಾಗಿದ್ದು ಯಾರು?

ಆವತ್ತು ಅಮ್ಮನ ಹತ್ರ ಆ ಕಾಗದ ಇರಲಿಲ್ಲ. ಆಗ ಬ್ಯಾಗೇಜ್ ಸುಂಕ ಶೇಕಡ 38.5 ಇತ್ತು, ಒಂದು ವರ್ಷ ಹೊರಗೆ ಇರದೇ ಇದ್ದೋರಿಗೆ ಒಡವೆ ರಿಯಾಯಿತಿನೂ ಇಲ್ಲ, ಒಂದೂಕಾಲು ಲಕ್ಷದ ಹತ್ತಿರ ಕಟ್ಟಿ ಅಂದ್ರು. ಆರು ತಿಂಗಳಾದ್ರೂ ಹೊರಗೆ ಇದ್ದು ಬರೋರಿಗೆ ಚಿನ್ನಕ್ಕೆ ಕಡಿಮೆ ದರ ಇದೆ, ಒಂದು ಕೆಜಿ ತನಕ ತರಬಹುದು, ಸುಂಕವನ್ನ ವಿದೇಶಿ ಕರೆನ್ಸಿಯಲ್ಲಿ ಕಟ್ಟಬೇಕು. ಮೂರು ತಿಂಗಳ ಅಜ್ಜಿಗೆ ಅದೂ ಇಲ್ಲ. ಒಂದು ಕೆಜಿ ಬಿಸ್ಕತ್ ತರೋರಿಗೆ ಕಡಿಮೆ ದರ, ಮದುವೆ ಬಳೆ ಹಾಕ್ಕೊಂಡು ಬರೋ ಅಜ್ಜಿಗೆ ದೊಡ್ಡ ದರ, ಇದನ್ನ ಬರೆದೋರು ಒಂದು ಸಲ ಯೋಚನೆ ಮಾಡಬೇಕು. 2024ರ ಜುಲೈನಲ್ಲಿ ಚಿನ್ನದ ಆಮದು ಸುಂಕ ಶೇಕಡ 15ರಿಂದ 6ಕ್ಕೆ ಇಳಿಸಿದಾಗ ಎಲ್ಲರೂ ಸಂತೋಷಪಟ್ರು, ನಮ್ಮ ಬಳೆ ಆಗ ಗೋಡೌನ್‌ನಲ್ಲಿ ಇತ್ತು, ನಮಗೆ ಅದ್ರಿಂದ ಏನೂ ಆಗಲಿಲ್ಲ.

ಅಮ್ಮನ ಹತ್ರ ದುಡ್ಡಿಲ್ಲ, ಫೋನ್‌ನಲ್ಲಿ ಚಾರ್ಜ್ ಇಲ್ಲ. ಬಳೆ ಚೈನು ಅವರೇ ಇಟ್ಕೊಂಡು ಒಂದು ರಸೀದಿ ಕೊಟ್ರು, ಡಿಟೆನ್ಶನ್ ರಸೀದಿ ಅಂತಾರೆ. ಜೊತೆಗೆ ಇನ್ನೊಂದು ಪ್ರಿಂಟ್ ಮಾಡಿದ ಇಂಗ್ಲಿಷ್ ಕಾಗದಕ್ಕೆ ಸಹಿ ಮಾಡಿಸ್ಕೊಂಡ್ರು. ಅಮ್ಮನಿಗೆ ಕನ್ನಡ ಓದಕ್ಕೆ ಬರೆಯಕ್ಕೆ ಚೆನ್ನಾಗಿ ಬರುತ್ತೆ, ಹಿಂದಿ ಮಾತಾಡ್ತಾರೆ, ಮರಾಠಿ ಅರ್ಥ ಆಗುತ್ತೆ, ಇಂಗ್ಲಿಷ್ ಬರಲ್ಲ. ಆ ಕಾಗದದಲ್ಲಿ ಇದ್ದಿದ್ದು ಏನು ಅಂತ ನಮಗೆ ವಕೀಲರು ಓದಿ ಹೇಳಿದ ಮೇಲೆ ಗೊತ್ತಾಗಿದ್ದು, ನನಗೆ ಶೋಕಾಸ್ ನೋಟಿಸ್ ಬೇಡ, ಖುದ್ದಾಗಿ ಹೇಳ್ಕೊಳ್ಳೋ ಅವಕಾಶಾನೂ ಬೇಡ ಅಂತ. ಕಾನೂನು ಕೊಟ್ಟಿರೋ ಎರಡು ಹಕ್ಕನ್ನೂ ಅಮ್ಮ ಓದದೇ ಬಿಟ್ಟುಕೊಟ್ಟಿದ್ರು. ಅಳು ಬಂತು ನನಗೆ ಅದನ್ನ ಕೇಳಿ. ಕಸ್ಟಮ್ಸ್ ಕಾಯ್ದೆ 1962ರದ್ದು, ಅದರ ಸೆಕ್ಷನ್ 124ರಲ್ಲಿ ಯಾರ ಮಾಲನ್ನೂ ಮುಟ್ಟುಗೋಲು ಹಾಕೋ ಮುಂಚೆ ಕಾರಣ ತಿಳಿಸಿ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು ಅಂತ ಇದೆ. ಸೆಕ್ಷನ್ 110ರಲ್ಲಿ ವಶಕ್ಕೆ ತಗೊಂಡ ಆರು ತಿಂಗಳೊಳಗೆ ಆ ನೋಟಿಸ್ ಬರಬೇಕು, ದೊಡ್ಡ ಅಧಿಕಾರಿಗಳು ಕಾರಣ ಬರೆದು ಇನ್ನೂ ಆರು ತಿಂಗಳು ಮುಂದಕ್ಕೆ ಹಾಕಬಹುದು, ಬರಲಿಲ್ಲ ಅಂದ್ರೆ ಮಾಲು ವಾಪಸ್ ಕೊಡಬೇಕು ಅಂತ ಇದೆ. ನಮಗಾದ ಮೇಲೆ 2025ರಲ್ಲಿ ದಿಲ್ಲಿ ಹೈಕೋರ್ಟ್ ಇಂಥ ಕೇಸ್‌ಗಳಲ್ಲಿ ಖಡಾಖಂಡಿತ ಹೇಳಿದೆ, ಮೊದಲೇ ಪ್ರಿಂಟ್ ಮಾಡಿಟ್ಟ ಫಾರ್ಮ್‌ಗೆ ಸಹಿ ಹಾಕಿಸ್ಕೊಂಡು ನೋಟಿಸ್ ಬೇಡ ಅಂದ್ರು ಅನ್ನೋದು ನಡೆಯಲ್ಲ ಅಂತ. ಹಾಗಾಗಿ ಯಾರಿಗಾದ್ರೂ ಇಂಥ ಕಾಗದ ಚಾಚಿದ್ರೆ ದಯವಿಟ್ಟು ಗಾಬರಿಯಲ್ಲಿ ಸಹಿ ಮಾಡಬೇಡಿ, ಓದಿ ಹೇಳಿ ಅಂತ ಕೇಳಿ, ಮನೆಯವರಿಗೆ ಫೋನ್ ಮಾಡಿ. ರಸೀದಿ ಮಾತ್ರ ತಪ್ಪದೇ ತಗೊಳ್ಳಿ, ಅದರಲ್ಲಿ ತೂಕ, ಎಷ್ಟು ಬಳೆ, ಎಷ್ಟು ಸರ ಅಂತ ಬರೆದಿದೆಯಾ ನೋಡಿ.

ಅಮ್ಮ ಆವತ್ತು ರಾತ್ರಿ ಬರಿಗೈಲಿ ಡೊಂಬಿವಲಿಗೆ ಬಂದ್ರು. ಅಪ್ಪ ಬಾಗಿಲು ತೆಗೆದೋರು ಮೊದಲು ನೋಡಿದ್ದು ಕೈ. ಏನೂ ಕೇಳಲಿಲ್ಲ. ಅಮ್ಮನೇ, ಮಗು ಚೆನ್ನಾಗಿದೆ, ನಿಮ್ಮ ಹಾಗೇ ಮೂಗು ಅಂತ ಹೇಳಿ ಒಳಗೆ ಹೋದ್ರು. ಮರುದಿನ ಬೆಳಿಗ್ಗೆ ನಾನು ಹೋದಾಗ ಕೈ ತುಂಬ ಹಸಿರು ಗಾಜಿನ ಬಳೆ ಹಾಕ್ಕೊಂಡಿದ್ರು, ಮಣಿಕಟ್ಟಿನ ಗಾಯಕ್ಕೆ ಅರಿಶಿನ ಹಚ್ಚಿದ್ರು.

ಆಮೇಲೆ ಶುರುವಾಗಿದ್ದು ಸಾಕ್ಷಿ ಹುಡುಕೋ ಕೆಲಸ. 1979ರ ಬಳೆಗೆ ಬಿಲ್ ಎಲ್ಲಿಂದ ತರೋದು? ಹಾಲ್‌ಮಾರ್ಕ್ ಅನ್ನೋದೇ 2000ದಲ್ಲಿ ಶುರುವಾಗಿದ್ದು, ಕಡ್ಡಾಯ ಮಾಡಿದ್ದು 2021ರಲ್ಲಿ. ಅದಕ್ಕಿಂತ ಹಿಂದಿನ ಮನೆಮನೆ ಚಿನ್ನಕ್ಕೆ ಕಾಗದ ಇರಲ್ಲ, ಅಕ್ಕಸಾಲಿಗರ ಗುರುತು ಇದ್ರೆ ಅದೇ ದೊಡ್ಡದು. ನಾವು ಮದುವೆ ಆಲ್ಬಂ ತೆಗೆದ್ವಿ, ಕಪ್ಪು ಬಿಳುಪು ಫೋಟೋ, ಧಾರೆ ಎರೆಯೋವಾಗ ಅಮ್ಮನ ಕೈ ಮೇಲೆ ಇದೇ ನಾಲ್ಕು ಬಳೆ. ನನ್ನ ಮದುವೆ ಫೋಟೋ, ತಂಗಿ ಸೀಮಂತದ ಫೋಟೋ, ಅಪ್ಪನ ಅರವತ್ತರ ಶಾಂತಿಯ ವಿಡಿಯೋ, ಎಲ್ಲದರಲ್ಲೂ ಆ ಬಳೆ. ಚಪ್ಪಟೆಯಾದ ಜಾಗ ಕಾಣೋ ಹಾಗೆ ಎರಡು ಫೋಟೋ ದೊಡ್ಡದು ಮಾಡಿಸಿದ್ವಿ. ಮಸ್ಕತ್‌ಗೆ ಹೋಗೋ ದಿನ ಮನೆ ಬಾಗಿಲಲ್ಲಿ ನನ್ನ ಮಗ ಫೋನ್‌ನಲ್ಲಿ ತೆಗೆದ ಫೋಟೋ ತಾರೀಕಿನ ಸಮೇತ ಇತ್ತು, ಕೊನೆಗೆ ಬಹಳ ಉಪಯೋಗಕ್ಕೆ ಬಂದಿದ್ದು ಅದೇ. ಅರ್ಜಿ ಬರೆದು, ಎರಡು ಸಲ ರೈಲಲ್ಲಿ ಆ ಊರಿಗೆ ಹೋಗಿ, ವಕೀಲರ ಫೀಸು ಕೊಟ್ಟು, 2024ರ ಸೆಪ್ಟೆಂಬರ್‌ನಲ್ಲಿ ಬಳೆ ಚೈನು ವಾಪಸ್ ಸಿಕ್ತು. ಸುಂಕ ಹಾಕಲಿಲ್ಲ. ಮೇಲಿನ ಅಧಿಕಾರಿ ಫೋಟೋಗಳನ್ನ ಭೂತಗನ್ನಡಿ ಹಿಡಿದು ನೋಡಿ, ಇದನ್ನ ಮೊದಲ ದಿನವೇ ಬಿಡಬೇಕಾಗಿತ್ತು ಅಂದ್ರು. ಖರ್ಚಾಗಿದ್ದು ನಲವತ್ತು ಸಾವಿರದ ಮೇಲೆ.

ನಮ್ಮ ಅಮ್ಮನ ಬಳೆ ವಾಪಸ್ ಬಂತು. ಎಲ್ಲರ ಮನೆಯಲ್ಲೂ ವಕೀಲರ ಫೀಸು ಕೊಡೋರು, ರಜೆ ಹಾಕಿ ಓಡಾಡೋರು ಇರಲ್ಲ.

ಅಧಿಕಾರಿಗಳ ಕಷ್ಟ ನನಗೆ ಅರ್ಥ ಆಗಲ್ಲ ಅಂತಲ್ಲ. ಪೇಪರ್‌ನಲ್ಲಿ ದಿನಾ ಓದ್ತೀವಿ, ಪೇಸ್ಟ್ ಮಾಡಿ ಸೊಂಟಕ್ಕೆ ಕಟ್ಕೊಂಡು ಬರ್ತಾರೆ, ಬೆಲ್ಟ್ ಬಕಲ್‌ನಲ್ಲಿ ತರ್ತಾರೆ, ವಯಸ್ಸಾದ ಹೆಂಗಸರ ಕೈಗೆ ಬಳೆ ಹಾಕಿ ಕಳಿಸೋರೂ ಇದಾರೆ. ನಮ್ಮವರಲ್ಲೇ ಕೆಲವರು "ಈ ಒಂದು ಚೈನು ಹಾಕ್ಕೊಂಡು ಹೋಗಿ ಮಾಮಿ, ಏರ್‌ಪೋರ್ಟ್ ಹೊರಗೆ ನಮ್ಮ ಹುಡುಗ ಇಸ್ಕೋತಾನೆ" ಅಂತ ಕೊಡೋರು ಇದಾರೆ, ದಾಕ್ಷಿಣ್ಯಕ್ಕೆ ತಗೊಳ್ಳೋರೂ ಇದಾರೆ. ದಯವಿಟ್ಟು ತಗೋಬೇಡಿ, ಸ್ವಂತ ಅಣ್ಣನ ಮಗ ಕೊಟ್ರೂ ತಗೋಬೇಡಿ. ಸಿಕ್ಕಿಬಿದ್ರೆ ಅದು ಯಾರದ್ದು ಅಂತ ಕೇಳಲ್ಲ, ಯಾರ ಮೈಮೇಲೆ ಇದೆ ಅಂತ ನೋಡ್ತಾರೆ. ಇಂಥ ಒಬ್ಬೊಬ್ಬರಿಂದ ಹತ್ತು ಜನ ನಿಜವಾದ ಅಜ್ಜಿಯರು ಅನುಮಾನಕ್ಕೆ ಗುರಿಯಾಗ್ತಾರೆ. ನಮ್ಮ ಮುಂಬಯಿಗೆ ಚಿನ್ನದ ಕಳ್ಳಸಾಗಣೆ ಹೊಸದಲ್ಲ, ಅಪ್ಪ ಹೇಳ್ತಾರೆ, ಗೋಲ್ಡ್ ಕಂಟ್ರೋಲ್ ಅಂತ ಚಿನ್ನ ಇಟ್ಕೊಳ್ಳೋಕೆ ಸರ್ಕಾರದ ಕಟ್ಟುಪಾಡು ಇದ್ದ ಕಾಲದಲ್ಲಿ ಹೋಟೆಲ್ ಗಲ್ಲದ ಮೇಲೆ ಕೂತು ಎಂಥೆಂಥ ಮಾತು ಕೇಳಿಸ್ಕೊಂಡಿದೀನಿ ಅಂತ. ಆ ಕಾಯ್ದೆ 1968ರದ್ದು, 1990ರಲ್ಲಿ ತೆಗೆದ್ರು. ಕಾಯ್ದೆ ಹೋಗಿ ಮೂವತ್ತೈದು ವರ್ಷ ಆದ್ರೂ ಚಿನ್ನ ಹಾಕ್ಕೊಂಡೋರನ್ನ ನೋಡೋ ಕಣ್ಣು ಮಾತ್ರ ಇನ್ನೂ ಹಾಗೇ ಇದೆ ಅಂತ ನನಗೆ ಅನ್ನಿಸುತ್ತೆ.

2016ರ ರೂಲ್ಸ್‌ನಲ್ಲಿ ಪ್ರಯಾಣಿಕರ ಸ್ವಂತ ಬಳಕೆ ಸಾಮಾನು ಅಂದ್ರೆ ದಿನನಿತ್ಯದ ಅಗತ್ಯದ ವಸ್ತುಗಳು, ಒಡವೆ ಅದರಲ್ಲಿ ಸೇರಲ್ಲ ಅಂತ ಬರೆದಿತ್ತು. ನಮ್ಮ ಕಡೆ ಮುತ್ತೈದೆಗೆ ಕರಿಮಣಿ, ಬಳೆ ದಿನನಿತ್ಯದ್ದಲ್ಲದೆ ಇನ್ನೇನು? ಸೀರೆ ಆದ್ರೂ ಬದಲಾಯಿಸ್ತಾರೆ, ಅದನ್ನ ಬದಲಾಯಿಸಲ್ಲ. 2017ರಲ್ಲೇ ಸುಪ್ರೀಂ ಕೋರ್ಟ್ ಒಂದು ಕೇಸ್‌ನಲ್ಲಿ ಸ್ವಂತ ಬಳಕೆಯ ಒಡವೆ ಪ್ರಯಾಣಿಕರ ಸ್ವಂತ ಸಾಮಾನಿನ ಭಾಗವೇ ಅಂತ ಹೇಳಿತ್ತು, ಆಮೇಲೆ ದಿಲ್ಲಿ ಹೈಕೋರ್ಟ್ ಕೂಡ ಹಾಕ್ಕೊಂಡು ಹಳೇದಾದ ಒಡವೆನೂ ಹೊಸದಾಗಿ ತಂದ ಒಡವೆನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ ಹೇಳ್ತಾ ಬಂದಿದೆ. ಕೋರ್ಟ್ ಮಟ್ಟದಲ್ಲಿ ಸಿಗೋ ನ್ಯಾಯ ಗ್ರೀನ್ ಚಾನೆಲ್ ಬಾಗಿಲಲ್ಲಿ ರಾತ್ರಿ ಒಂದೂವರೆಗೆ ನಿಂತಿರೋ ಅಜ್ಜಿಗೆ ಸಿಗಬೇಕು, ನನ್ನ ಬೇಡಿಕೆ ಅದೇ.

ಉಳಿದ ಸಾಮಾನಿನ ಬಗ್ಗೆ ಎರಡು ಮಾತು, ಯಾಕಂದ್ರೆ ಜನ ಕೇಳ್ತಾರೆ. ಗಂಡ ಹೆಂಡತಿ ಇಬ್ಬರ 75,000ದ ರಿಯಾಯಿತಿ ಸೇರಿಸಿ ಒಂದು ದೊಡ್ಡ ಫೋನ್ ತರ್ತೀವಿ ಅಂದ್ರೆ ನಡೆಯಲ್ಲ, ಒಬ್ಬೊಬ್ಬರದ್ದು ಬೇರೆ ಬೇರೆ ಲೆಕ್ಕ. ಲ್ಯಾಪ್‌ಟಾಪ್ ಒಂದು, ಹದಿನೆಂಟು ದಾಟಿದೋರು ತರಬಹುದು, ಅದು ಈ ಲೆಕ್ಕಕ್ಕೆ ಸೇರಲ್ಲ. ಟಿವಿ ಮಾತ್ರ ತರೋ ಆಸೆ ಬಿಡಿ, 2013ರ ಆಗಸ್ಟ್‌ನಿಂದ ಫ್ಲ್ಯಾಟ್ ಟಿವಿಗೆ ರಿಯಾಯಿತಿ ಇಲ್ಲ. ನಮ್ಮ ಬಿಲ್ಡಿಂಗ್‌ನ ಒಬ್ಬರು ಕಂಬಳಿ ಸುತ್ತಿ ತಂದು ಸುಂಕ ಕಟ್ಟಿದ ಮೇಲೆ ನೋಡಿದ್ರೆ ಠಾಣೆಯ ಅಂಗಡಿಯ ರೇಟೇ ಕಡಿಮೆ ಇತ್ತು. ಅಲ್ಲಿ ಹೊಸ ಒಡವೆ ಕೊಂಡಿದ್ರೆ ಬಿಲ್ ಇಟ್ಕೊಳ್ಳಿ, ರೆಡ್ ಚಾನೆಲ್‌ಗೆ ನೀವಾಗೇ ಹೋಗಿ ಹೇಳಿ, ಸುಂಕ ಬಂದ್ರೆ ಕಟ್ಟಿ, ದೇಶಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಕಟ್ಟಕ್ಕೆ ದುಡ್ಡಿಲ್ಲ, ತರೋದೇ ಬೇಡ ಅನ್ನಿಸಿದ್ರೂ, ನಿಜ ಹೇಳಿ ಡಿಕ್ಲೇರ್ ಮಾಡಿದೋರು ಅಲ್ಲೇ ಇಟ್ಟುಹೋಗಿ ಮತ್ತೆ ಹೊರದೇಶಕ್ಕೆ ಹೋಗೋವಾಗ ವಾಪಸ್ ತಗೊಂಡು ಹೋಗೋಕೆ ಸೆಕ್ಷನ್ 80ರಲ್ಲಿ ಅವಕಾಶ ಇದೆ. ಗ್ರೀನ್ ಚಾನೆಲ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಹೇಳೋದಕ್ಕೂ ಮೊದಲೇ ಹೇಳೋದಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಫೋನ್ ಬಳಸೋಕೆ ಬರೋರಿಗೆ ಕಸ್ಟಮ್ಸ್‌ನವರದ್ದೇ ಅತಿಥಿ ಅನ್ನೋ ಆಪ್ 2019ರಲ್ಲೇ ಬಂದಿದೆ, ಇಳಿಯೋ ಮುಂಚೆನೇ ಡಿಕ್ಲೇರ್ ಮಾಡಕ್ಕೆ ಅಂತ ಮಾಡಿದ್ದು. ಯಾವುದಾದ್ರೂ ಆದೇಶ ನಿಮ್ಮ ವಿರುದ್ಧ ಬಂದ್ರೆ ಅರವತ್ತು ದಿನದೊಳಗೆ ಅಪೀಲು ಹಾಕಬೇಕು, ಸುಮ್ಮನೆ ಅಳ್ತಾ ಕೂತ್ರೆ ದಿನ ಕಳೆದುಹೋಗುತ್ತೆ.

ಈಗ ಸರ್ಕಾರಕ್ಕೆ, ವಿಮಾನ ಕಂಪನಿಗಳಿಗೆ ನಿಮ್ಮ ಪೇಪರ್ ಮೂಲಕ ಕೇಳ್ಕೊಳ್ಳೋದು. ಟಿಕೆಟ್ ಬುಕ್ ಆದ ಕೂಡ್ಲೇ ಲಗೇಜು, ಊಟ, ಸೀಟು ಅಂತ ಹತ್ತು ಮೆಸೇಜ್ ಬರುತ್ತೆ, ಹನ್ನೊಂದನೇದಾಗಿ "ಚಿನ್ನ ಹಾಕ್ಕೊಂಡು ಹೋಗ್ತಾ ಇದೀರಾ, ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತಗೊಳ್ಳಿ" ಅಂತ ಕನ್ನಡದಲ್ಲಿ, ಮರಾಠಿಯಲ್ಲಿ, ಮಲಯಾಳಂನಲ್ಲಿ ಒಂದು ಬರಲಿ. ಚೆಕ್-ಇನ್ ಕೌಂಟರ್‌ನಲ್ಲಿ ಬ್ಯಾಟರಿ, ಲೈಟರ್ ಇದೆಯಾ ಅಂತ ಕೇಳೋ ಹುಡುಗಿ ಇದನ್ನೂ ಒಂದು ಮಾತು ಕೇಳಲಿ. ಸಹಿ ಹಾಕಿಸ್ಕೊಳ್ಳೋ ಕಾಗದ ಅವರಿಗೆ ಓದಕ್ಕೆ ಬರೋ ಭಾಷೆಯಲ್ಲಿ ಇರಲಿ. ಇನ್ನೂ ಮುಖ್ಯ, ಕಾಲಾವಧಿ ಲೆಕ್ಕ ಬಿಟ್ಟು, ಇಲ್ಲಿ ವಾಸ ಮಾಡೋ ಹೆಂಗಸರು ಮೈಮೇಲೆ ಹಾಕ್ಕೊಂಡು ಹೋಗಿ ಬರೋ ಹಳೇ ಒಡವೆಗೆ ಇಷ್ಟು ಪವನು ತನಕ ಯಾವ ಕಾಗದನೂ ಬೇಡ ಅಂತ ರೂಲ್ಸ್‌ನಲ್ಲೇ ಸ್ಪಷ್ಟವಾಗಿ ಬರೆದುಬಿಡಲಿ. ಒಂದು ವರ್ಷ ಹೊರಗೆ ಇದ್ದೋರಿಗೆ ಅಲ್ಲಿಂದ ಹೊಸದು 40 ಗ್ರಾಂ ತರಕ್ಕೆ ಬಿಡೋ ಸರ್ಕಾರ ಇಲ್ಲೇ ಹುಟ್ಟಿ ಇಲ್ಲೇ ಬೆಳೆದು ಮೂರು ತಿಂಗಳು ಹೋಗಿ ಬಂದೋರಿಗೆ ಅವರದ್ದೇ ಹಳೇ 40 ಗ್ರಾಂ ಬಿಡಕ್ಕೆ ಏನು ತೊಂದರೆ?

ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ಮುಂಬಯಿ, ಠಾಣೆ, ಕಲ್ಯಾಣ್ ತನಕ ನಮ್ಮ ಸಂಘಗಳು ಯಕ್ಷಗಾನ ಮಾಡ್ತವೆ, ರಾಜ್ಯೋತ್ಸವ ಮಾಡ್ತವೆ, ಅರಿಶಿನ ಕುಂಕುಮ ಮಾಡ್ತವೆ, ಎಲ್ಲಕ್ಕೂ ನಾನು ಹೋಗ್ತೀನಿ. ಗಲ್ಫ್‌ಗೆ, ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗೋ ಅಪ್ಪ ಅಮ್ಮಂದಿರು ಎಲ್ಲ ಸಂಘದಲ್ಲೂ ಇದಾರೆ. ವರ್ಷಕ್ಕೆ ಎರಡು ಭಾನುವಾರ ಒಬ್ಬ ವ್ಯಾಲ್ಯುವರ್, ಒಬ್ಬ ಕಸ್ಟಮ್ಸ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದ ನಮ್ಮವರೇ ಯಾರಾದ್ರೂ ಕೂತು ಇವರಿಗೆ ಕಾಗದ ತುಂಬಿಸಿಕೊಡೋ ಕೆಲಸ ಮಾಡಿದ್ರೆ ಎಷ್ಟು ಮನೆ ಉಳಿಯುತ್ತೆ. ಹೇಳಿದ್ರೆ ಚಹಾ ಮಾಡಿ ಕೊಡಕ್ಕೆ ನಾನು ಬರ್ತೀನಿ.

ತಂಗಿ ಮಗನಿಗೆ ಈಗ ಎರಡು ವರ್ಷ ದಾಟಿದೆ, ಎರಡನೇ ಹೆರಿಗೆ ಜುಲೈನಲ್ಲಿ. ಅಮ್ಮ ಮತ್ತೆ ಹೋಗ್ತಾ ಇದಾರೆ. ಬಳೆ ಮನೇಲೇ ಇಟ್ಟು ಹೋಗ್ತೀನಿ, ಗಾಜಿನ ಬಳೆ ಸಾಕು ಅಂತ ಹಟ ಹಿಡಿದಿದ್ರು, ಅಪ್ಪ ಒಪ್ಪಲಿಲ್ಲ. ಬರೋ ಶನಿವಾರ ಹನ್ನೊಂದು ಗಂಟೆಗೆ ಠಾಣೆಯಲ್ಲಿ ವ್ಯಾಲ್ಯುವರ್ ಹತ್ರ ಟೈಮ್ ತಗೊಂಡಿದೀನಿ. ನಾಲ್ಕು ಬಳೆ, ಒಂದು ಚೈನು, ಈ ಸಲ ಕರಿಮಣಿನೂ ಸೇರಿಸಿ, ಎರಡೂ ಕಡೆಯಿಂದ ಫೋಟೋ. ಚಪ್ಪಟೆಯಾದ ಬಳೆಯನ್ನ ಬೇರೆಯಾಗಿ ಹತ್ತಿರದಿಂದ ತೆಗೀರಿ ಅಂತ ಹೇಳಿಟ್ಟಿದೀನಿ.

ಇಂತಿ,
ಡೊಂಬಿವಲಿಯ ಒಬ್ಬ ಓದುಗಳು